ಹಳೆಯ ಹೆಸರಿನ ಪಾಳಿ

ಪಂಗೆಸ್ತಿಗೆ ಬೆಳಿಗ್ಗೆ ಎದ್ದಾಗಿನಿಂದ ಹಸಿವು. ಅದೇ ಅವಳಿಗೆ ಕಸಿವಿಸಿ. ಹನ್ನೊಂದು ಗಂಟೆಗೆ ಜಿಲ್ಲಾ ಪರಿಷತ್ತಿನ ಸಮಿತಿಯ ಮುಂದೆ ನಿಂತು, ರೈಲ್ವೆ ಗೇಟಿನ ಕಾವಲುಗಾರನೊಬ್ಬ ಕೆಲಸ ಕಳೆದುಕೊಳ್ಳುವಂಥ ಕಾಗದವನ್ನು ಗಟ್ಟಿಯಾಗಿ ಓದಬೇಕಾದವಳಿಗೆ ರಾತ್ರಿ ನಿದ್ದೆ ಬರಬಾರದಿತ್ತು, ಬಂದಿತ್ತು. ಬಾಯಿ ಕಹಿಯಾಗಿರಬೇಕಿತ್ತು, ಆಗಿರಲಿಲ್ಲ. ಗಂಡ ಅಲ್ಲಾಡಿಸಿ ಎಬ್ಬಿಸಬೇಕಾಯಿತು, ಎದ್ದವಳು ಕಚೇರಿಯ ಸಮವಸ್ತ್ರ ಹಾಕಿಕೊಂಡು, ತಲೆವಸ್ತ್ರಕ್ಕೆ ಪಿನ್ನು ಚುಚ್ಚಿಕೊಳ್ಳುತ್ತ, ಪೇಟೆಯ ಬಸ್ ನಿಲ್ದಾಣದ ಎದುರು ಊಟ ಮಾರುವ ಕಸ್ಮಿ ಅಜ್ಜಿ ಇವತ್ತು ಬಸಳೆ ಹಾಕಿರುತ್ತಾಳೋ ನುಗ್ಗೆಸೊಪ್ಪು ಹಾಕಿರುತ್ತಾಳೋ ಅಂತ ಯೋಚಿಸುತ್ತಿದ್ದಳು. ಈಗ ಆ ಅಜ್ಜಿಯ ಬೆಂಚಿನ ಮೇಲೆ ಕೂತು, ಎಲೆಯ ಮೇಲಿನ ಅನ್ನ, ಬೆಂದ ಸೊಪ್ಪು, ಅದರ ಮೇಲೆ ಸುರಿದ ಕಡಲೆಕಾಯಿ ಚಟ್ನಿ ಕಲಸಿಕೊಂಡು ತಿನ್ನುತ್ತಿರುವಾಗ, ನಾಲಿಗೆಗೆ ಖಾರ ತಾಗಿ ಮೂಗಿನಲ್ಲಿ ಸಣ್ಣಗೆ ನೀರು ಬಂದು ಮೈಯೆಲ್ಲ ಹಗುರಾಯಿತು. ತೊಡೆಯ ಮೇಲೆ ಕಡತ. ಕಡತಕ್ಕೆ ಎಣ್ಣೆ ತಾಗದ ಹಾಗೆ ಮೊಣಕೈ ಎತ್ತಿಕೊಂಡೇ ತಿಂದಳು. ಅಪರಾಧ ಮಾಡಿದವರು ಹೀಗೆ ತಿನ್ನುತ್ತಾರೆಯೇ? ತಿನ್ನುತ್ತಾರೇನೋ. ಜೈಲಿನಲ್ಲೂ ಊಟಕ್ಕೆ ಸಾಲು ನಿಲ್ಲುತ್ತಾರಲ್ಲ.

"ಇನ್ನೊಂದು ಸ್ವಲ್ಪ ಚಟ್ನಿ ಹಾಕ್ಲಾ ಬು? ಇವತ್ತು ಮುಖ ಒಳ್ಳೆ ಮದುಮಗಳ ಥರ ಇದೆ," ಅಂದಳು ಅಜ್ಜಿ. ಎಷ್ಟು ಚಿಕ್ಕವಳಾದರೂ ಸಮವಸ್ತ್ರ ಹಾಕಿದವಳು ಅಜ್ಜಿಗೆ ಬು, ಅಂದರೆ ಅಮ್ಮ.

"ಮದುಮಗಳಿಗೆ ನಲವತ್ತೆರಡು ವರ್ಷ ಅಜ್ಜಿ."

"ಆಗ್ಲಿ ಬಿಡು. ತಡವಾಗಿ ಹಣ್ಣಾದ್ರೆ ಸಿಹಿ ಜಾಸ್ತಿ."

ಪಕ್ಕದಲ್ಲಿ ಕೂತಿದ್ದ ಇಬ್ಬರು ಕಂಡಕ್ಟರುಗಳು ನಕ್ಕರು. ಪಂಗೆಸ್ತಿಯೂ ನಕ್ಕಳು, ನಕ್ಕ ಮೇಲೆ ಕಡತದ ಕಡೆ ನೋಡಿದಳು. ಅದರೊಳಗೆ ಆ ಗೇಟಿನ ಕಾವಲುಗಾರ ವಲುಯೊನ ಹೇಳಿಕೆ ಇತ್ತು. "ಸಾಕಷ್ಟು ವಿಶ್ರಾಂತಿ ದೊರೆತಿದ್ದರೂ ನನ್ನ ನಿರ್ಲಕ್ಷ್ಯದಿಂದ ನಿದ್ರಿಸಿದೆ." ಕೆಳಗೆ ಅವನ ದುಂಡು ದುಂಡು ಸಹಿ. ಆ ವಾಕ್ಯ ಅವನದಲ್ಲ, ಕಚೇರಿಯದು, ಇನ್ನೂ ಸರಿಯಾಗಿ ಹೇಳಬೇಕೆಂದರೆ ಅವಳದೇ. ನಿನ್ನೆ ಗೇಟಿನ ಗೂಡಿನಲ್ಲಿ ಅವನ ಮುಂದೆ ಹಾಳೆ ಇಟ್ಟಾಗ ಅವನು ಓದಲೂ ಇಲ್ಲ, "ಎಲ್ಲಿ ಬು, ಇಲ್ಲೇನಾ?" ಅಂತ ಕೇಳಿ, ಪೆನ್ನನ್ನು ಅಂಗಿಗೆ ಒರೆಸಿ ಸಹಿ ಹಾಕಿ, ಬಿಸಿ ಕಾಫಿಯ ಲೋಟ ಅವಳ ಕಡೆ ತಳ್ಳಿದ್ದ. ಕಾಫಿ ಚೆನ್ನಾಗಿತ್ತು. ಪುಡಿ ತಳಕ್ಕೆ ಇಳಿಯುವವರೆಗೆ ಕಾದು, ಪೂರ್ತಿ ಕುಡಿದೇ ಎದ್ದಿದ್ದಳು. ಓದದೆ ಸಹಿ ಹಾಕುವವನ ಮೇಲೆ ಅವಳಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದು ಅನುಕೂಲವೂ ಆಯಿತು.

ರೈಲು ರೈಲ್ವೆಯವರದು, ಹಳಿಗೆ ಅಡ್ಡ ಬರುವ ರಸ್ತೆ ಕೆದುಂಗ್‌ಸಾರಿ ಜಿಲ್ಲೆಯದು. ಆದ್ದರಿಂದ ಗೇಟು, ಗೇಟಿನ ಗೂಡು, ಗೂಡಿನೊಳಗಿನ ಮನುಷ್ಯ, ಅವನ ನಿದ್ದೆ, ಎಲ್ಲ ಜಿಲ್ಲೆಯ ಸಾರಿಗೆ ಕಚೇರಿಗೆ ಸೇರಿದ್ದು. ಒಂದೊಂದು ಗೇಟಿಗೆ ದಿನಕ್ಕೆ ಮೂರು ಪಾಳಿ. ಒಬ್ಬ ರಜದಲ್ಲಿರಬೇಕಾದರೆ ನಾಲ್ಕು ಜನ ಬೇಕು. ಇಪ್ಪತ್ತೆರಡು ಗೇಟುಗಳಲ್ಲಿ ನಾಲ್ಕು ಜನ ಪೂರ್ತಿ ಇರುವುದು ಹದಿನೇಳನೇ ಗೇಟಿನಲ್ಲಿ ಮಾತ್ರ ಅಂತ ಪಾಳಿಪಟ್ಟಿ ಬರೆಯುವ ಪಂಗೆಸ್ತಿ ಹದಿನಾಲ್ಕು ತಿಂಗಳು ಹೆಮ್ಮೆಪಟ್ಟಿದ್ದಳು. ಅದೇ ಗೇಟಿನಲ್ಲಿ ಹನ್ನೆರಡು ದಿನದ ಕೆಳಗೆ, ಬೆಳಗಿನ ಐದೂ ಇಪ್ಪತ್ತಕ್ಕೆ, ಅಡ್ಡಗೋಲು ಇಳಿಯದೆ, ಕೋಳಿ ಮೇವಿನ ಪಿಕಪ್ ಒಂದರ ಹಿಂಭಾಗವನ್ನು ರೈಲು ಕಿತ್ತುಕೊಂಡು ಹೋಯಿತು. ಚಾಲಕನ ಭುಜದ ಮೂಳೆ ಮುರಿಯಿತು. ಸಾಯಲಿಲ್ಲ. ಅವಳು ಹೋದಾಗ ಹಳಿಯುದ್ದಕ್ಕೂ ಮೇವು ಚೆಲ್ಲಿತ್ತು, ಊರಿನ ಕೋಳಿಗಳೆಲ್ಲ ಅಲ್ಲಿ ಸೇರಿದ್ದವು. ಜನ ಕೋಳಿ ಓಡಿಸುತ್ತಿದ್ದರು, ಯಾಕೆಂದರೆ ಮುಂದಿನ ರೈಲಿಗೆ ಅರ್ಧ ಗಂಟೆಯೂ ಇರಲಿಲ್ಲ.

ಗೂಡಿನ ಮೆಟ್ಟಿಲ ಮೇಲೆ ವಲುಯೊ ಕೂತಿದ್ದ. ನಲವತ್ತೈದರ ಆಸುಪಾಸಿನ ಒಣಕಲು ಮನುಷ್ಯ, ಟೋಪಿ ಮೊಣಕಾಲಿನ ಮೇಲೆ.

"ನಿದ್ದೆ ಹೋಗಿದ್ರಾ ಪಾಕ್?" ಪಾಕ್ ಅಂದರೆ ಅಯ್ಯ; ಸಿಟ್ಟಿದ್ದರೂ ಬಾಯಲ್ಲಿ ಬಂದದ್ದು ಅದೇ.

"ಹೋಗ್ಬಿಟ್ಟಿದ್ದೆ ಬು. ಕೂತಿದ್ದೆ, ಕೂತಲ್ಲೇ."

"ರಾತ್ರಿ ಹತ್ತಕ್ಕೆ ಪಾಳಿಗೆ ಬರೋ ಮೊದ್ಲು ಮನೇಲಿ ಮಲ್ಗಿರ್ಲಿಲ್ವಾ?"

"ಮನೆಗೆ ಹ್ಯಾಗೆ ಹೋಗ್ಲಿ? ಮಧ್ಯಾಹ್ನ ಎರಡರಿಂದ ಇಲ್ಲೇ ಇದ್ನಲ್ಲ."

"ಎರಡು ಗಂಟೆಗೆ ಜೊಯೊಕುಸುಮೊ ಪಾಳಿ ಅಲ್ವಾ?"

"ಹೌದು ಬು."

"ಅವನೆಲ್ಲಿ?"

ವಲುಯೊ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ನೋಡಿದ. ಆಮೇಲೆ ತುಂಬ ಸಂಕೋಚದಿಂದ, ತಾನೇ ಅವಳನ್ನು ನಾಚಿಸುತ್ತಿದ್ದೇನೆ ಅನ್ನುವವನಂತೆ ಹೇಳಿದ: "ಅದೂ ನಾನೇ ಅಲ್ವಾ ಬು?"

ಅರ್ಥವಾಗಲು ಅವಳಿಗೆ ಅರೆಗಳಿಗೆಯೂ ಬೇಕಾಗಲಿಲ್ಲ, ಅದೇ ಅವಮಾನ. ಹೊರಗಿನವಳಾಗಿದ್ದರೆ ಕೇಳಿ ತಿಳಿದುಕೊಳ್ಳಬೇಕಿತ್ತು. ಅವಳ ಸ್ವಂತ ತಮ್ಮನೇ ಐದನೇ ವರ್ಷದವರೆಗೆ ಒಂದು ಹೆಸರಿನವನು. ಒಂದರ ಮೇಲೊಂದು ಜ್ವರ ಬಂದು ಹೆಸರು ಭಾರವಾಯಿತೆಂದು ಅಪ್ಪ ಬೇರೆ ಹೆಸರಿಟ್ಟ. ಆಮೇಲೆ ಹಳೆಯ ಹೆಸರಿನಲ್ಲಿ ಕೂಗಿದರೆ ಅಮ್ಮ ಬಾಯಿಗೆ ಹೊಡೆಯುತ್ತಿದ್ದಳು, ರೋಗ ತಿರುಗಿ ನೋಡುತ್ತದೆಂದು. ಜೊಯೊಕುಸುಮೊ ಅಂದರೆ ಅರಮನೆಯವರು ಇಟ್ಟುಕೊಳ್ಳುವ ಹೆಸರು. ಟೊಂಕದ ನೋವು, ಕೆಮ್ಮು, ಕಾಮಾಲೆ ಅಂತ ಒಂದೇ ವರ್ಷದಲ್ಲಿ ಮೂರು ಸಲ ಆಸ್ಪತ್ರೆ ಸೇರಿದ ಗೇಟಿನವನ ಭುಜಕ್ಕೆ ಅದು ಹೆಚ್ಚಾಯಿತು. ಇಳಿಸಿ ವಲುಯೊ ಅಂತಾದ, ಅಂದರೆ ಗುಣವಾದವನು. ಹಳ್ಳಿ ಕಚೇರಿ ಒಂದು ಪತ್ರ ಕಳಿಸಿತು: ವಲುಯೊ ಎಂಬವರನ್ನು ಹದಿನೇಳನೇ ಗೇಟಿನ ಕಾವಲುಗಾರರೆಂದು ಪರಿಗಣಿಸಬೇಕಾಗಿ ವಿನಂತಿ. ಇಷ್ಟೇ, ಹಳೆಯ ಹೆಸರಿನ ಸುದ್ದಿಯೇ ಇಲ್ಲ. ನಾಲ್ಕನೆಯವನು ಬೇಕು ಬೇಕು ಅಂತ ವರ್ಷಗಟ್ಟಲೆ ಕಾದಿದ್ದ ಪಂಗೆಸ್ತಿ ಆ ಪತ್ರ ನೋಡಿ, ಅಬ್ಬ, ಅಂತೂ ಬಂದ ಅಂದುಕೊಂಡು, ಜೊಯೊಕುಸುಮೊನ ಕೆಳಗೆ ವಲುಯೊ ಅಂತ ಬರೆದಳು. ಸಂಬಳದ ಪಟ್ಟಿಯಲ್ಲಿ ಹೊಸಬ ಇಲ್ಲದಿದ್ದಾಗ ಹಳ್ಳಿಯವರೇ ಕೊಡುತ್ತಾರೇನೋ ಅಂತ ತನಗೆ ತಾನೇ ಹೇಳಿಕೊಂಡಳು. ಬೇರೆ ಬೇರೆ ಪಾಳಿಯವರನ್ನು ಒಟ್ಟಿಗೆ ನೋಡುವ ಪ್ರಸಂಗ ಬರುವುದೇ ಇಲ್ಲವಲ್ಲ.

"ಹದಿನಾಲ್ಕು ತಿಂಗಳು ದಿನ ಬಿಟ್ಟು ದಿನ ಹದಿನಾರು ಗಂಟೆ ಕೂತ್ರಿ, ಒಂದು ದಿನ ರಜ ಇಲ್ಲ. ಬಾಯಿ ಬಿಟ್ಟು ಕೇಳ್ಬಾರ್ದಾಗಿತ್ತಾ?"

"ಹಾಳೆ ಮೇಲೆ ಎರಡೂ ಹೆಸರು ಬಂದಿತ್ತು ಬು. ಹಳೇ ಹೆಸರು ಒಪ್ಕೊಂಡ ಕೆಲಸ ಹಳೇ ಹೆಸರು ಮಾಡ್ಲೇಬೇಕೇನೋ ಅಂದ್ಕೊಂಡೆ. ಹೆಸರು ಬಿಟ್ರೆ ಕೆಲಸ ಬಿಟ್ಟ ಹಾಗಾಗತ್ತಾ? ಅಷ್ಟು ಓದಿದೋರು ಬರೆದಿದ್ದೀರಿ. ಕೇಳೋಕೆ ಸಂಕೋಚ."

"ಉಳಿದಿಬ್ರು ಏನೂ ಹೇಳ್ಲಿಲ್ವಾ?"

"ಅವ್ರಿಗೂ ಸಂಕೋಚ."

ಈ ಮಾತು ಈಗ ಎಲೆಯ ಮುಂದೆ ನೆನಪಾಗಿ ಪಂಗೆಸ್ತಿಗೆ ನಗು ಬಂತು. ನಗು ಬಂದದ್ದಕ್ಕೆ ಅಳು ಬರುತ್ತದೇನೋ ಅಂತ ಕಾದಳು, ಬರಲಿಲ್ಲ. ಎಲೆ ಮಡಿಸಿ ಬುಟ್ಟಿಗೆ ಹಾಕಿ, ಕೈ ತೊಳೆದು, ಅಜ್ಜಿಗೆ ಹೇಳಿ ಹೊರಟಳು.

ಕಚೇರಿಯ ಕಾರಿನಲ್ಲಿ ಮುಖ್ಯಸ್ಥ ಪಾಕ್ ಸುಂಗ್ಕೊವೊ ಹಿಂದಿನ ಸೀಟಿನಲ್ಲಿ ಅವಳ ಪಕ್ಕವೇ ಕೂತಿದ್ದ. ನಿವೃತ್ತಿಗೆ ಐದು ತಿಂಗಳು. ಕಿವಿಯ ಹಿಂದೆ ಮುಲಾಮು ಸವರಿಕೊಂಡು ಕಾರೆಲ್ಲ ಲವಂಗದ ವಾಸನೆ ಹಿಡಿದಿತ್ತು.

"ಮೂರೇ ವಾಕ್ಯ ಪಂಗೆಸ್ತಿ. ನಾಲ್ಕು ಜನ ಇದ್ದಾರೆ. ಪಾಳಿ ಸರಿ ಇತ್ತು. ಮನುಷ್ಯ ಮಲಗ್ದ. ಕೂತ್ಕೊ."

"ನಾಲ್ಕು ಹೆಸರು ಪಾಕ್. ಜನ ಮೂರು. ಶುಕ್ರವಾರವೇ ಹೇಳಿದ್ದೆ."

"ಸಮಿತಿ ಹೆಸರು ಓದತ್ತೆ, ತಲೆ ಎಣ್ಸಲ್ಲ." ಅವನು ಕಿಟಕಿಯ ಹೊರಗೆ ನೋಡುತ್ತ ಮುಂದುವರಿಸಿದ, ದನಿಯಲ್ಲಿ ಗದರಿಕೆಯಿರಲಿಲ್ಲ. "ನಾನೇನು ರಾಕ್ಷಸನಾ? ಗೇಟಿಗೆ ಜನ ಕೊಡಿ ಅಂತ ವರ್ಷಕ್ಕೊಂದು ಪತ್ರ ಬರ್ದೆ, ಆರು ವರ್ಷ. ಇದೇ ಸಮಿತಿಗೆ. ಈಗ ಅವರೇ ಕೇಳ್ತಾರೆ, ಗೇಟು ಯಾಕೆ ಇಳೀಲಿಲ್ಲ ಅಂತ. ಪಟ್ಟೀಲಿ ತಪ್ಪಿದೆ ಅಂದ್ರೆ ಆ ಆರು ಪತ್ರನೂ ಸುಳ್ಳು ಅಂತಾರೆ. ನಿನ್ನ ಹೆಸರು ಹೋಗತ್ತೆ, ನನ್ನದೂ ಹೋಗತ್ತೆ. ಅವನಿಗೆ ನಾನೇ ಬಸ್ ನಿಲ್ದಾಣದಲ್ಲಿ ಏನಾದ್ರೂ ನೋಡ್ತೀನಿ."

ಅವಳು ಹೂಂಗುಟ್ಟಿದಳು. ಹೂಂಗುಟ್ಟುವುದು ಎಷ್ಟು ಸುಲಭ, ಗಂಟಲಲ್ಲೇ ಇರುತ್ತದೆ. ವಲುಯೊ ಬಸ್ ನಿಲ್ದಾಣದಲ್ಲಿ ಚೀಟಿ ಹರಿಯುತ್ತ ನಿಲ್ಲುತ್ತಾನೆ, ಬಿಸಿಲಿಲ್ಲ, ರಾತ್ರಿ ಪಾಳಿಯಿಲ್ಲ. ಅವನಿಗೆ ಒಳ್ಳೆಯದೇ. ಆಗ ಹದಿನೇಳನೇ ಗೇಟಿನಲ್ಲಿ ಉಳಿಯುವವರು ಇಬ್ಬರು. ಪಟ್ಟಿಯಲ್ಲಿ ಮೂವರು. ಇಲ್ಲದ ಜೊಯೊಕುಸುಮೊ ಅಲ್ಲೇ ಕಾಯುತ್ತಿರುತ್ತಾನೆ, ವಾರಕ್ಕೆ ಐದು ಸಲ, ಟೋಪಿಯಿಲ್ಲದೆ, ಮೈಯಿಲ್ಲದೆ, ಗೇಟು ಇಳಿಸದೆ. ಆ ರಸ್ತೆಯಲ್ಲಿ ಬೆಳಿಗ್ಗೆ ಮಕ್ಕಳು ಸೈಕಲ್ಲಿನಲ್ಲಿ ಹೋಗುತ್ತಾರೆ. ಆದರೆ ಈ ಯೋಚನೆಯೂ ಅವಳ ಹೊಟ್ಟೆಯ ತಂಪನ್ನು ಕೆಡಿಸಲಿಲ್ಲ. ಕಾರಿನ ಕಿಟಕಿಯಲ್ಲಿ ಕಬ್ಬಿನ ಗದ್ದೆ ಹಿಂದಕ್ಕೆ ಸರಿಯುತ್ತಿತ್ತು, ಗಾಳಿಗೆ ಕಣ್ಣು ಮುಚ್ಚುತ್ತಿತ್ತು, ಮತ್ತು ತಾನೂ ಕೂತಲ್ಲೇ ನಿದ್ದೆ ಹೋಗುತ್ತಿದ್ದೇನೆಂದು ತಿಳಿದು ಬೆಚ್ಚಿ ನೆಟ್ಟಗಾದಳು. ಎಂಟು ಗಂಟೆ ಮಲಗಿ ಎದ್ದವಳು.

ಸಮಿತಿಯ ಕೋಣೆಯಲ್ಲಿ ಪ್ರತಿಯೊಬ್ಬರ ಮುಂದೆ ತಿಂಡಿಯ ಪೆಟ್ಟಿಗೆ ಇತ್ತು. ಪಿಕಪ್‌ನ ಕತೆ, ಚಾಲಕನ ಎಕ್ಸ್‌ರೇ, ಛಾಯಾಚಿತ್ರಗಳು ಒಂದೊಂದಾಗಿ ಮುಗಿಯುತ್ತಿದ್ದ ಹಾಗೆ ಪಂಗೆಸ್ತಿಯ ಕೈ ತಾನಾಗಿಯೇ ಪೆಟ್ಟಿಗೆ ಬಿಚ್ಚಿ, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಉಂಡೆಯನ್ನು ಬಾಯಿಗೆ ಹಾಕಿತು. ಅದೇ ಹೊತ್ತಿಗೆ ಅಧ್ಯಕ್ಷೆ ಬು ರೋಫಿಯಾ ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, "ಪಾಳಿ ವಿಭಾಗದವರು ಹೇಳಿ," ಅಂದಳು. ಬಾಯಿ ತುಂಬ ಅಂಟು. ಎದ್ದು ನಿಂತು ಅಗಿದಳು. ಇಡೀ ಕೋಣೆ ಅವಳು ನುಂಗುವುದನ್ನು ಕಾದಿತು. ಮೂಲೆಯಲ್ಲಿ ಯಾರೋ "ನಿಧಾನ, ನಿಧಾನ" ಅಂದರು. ನೀರು ಕುಡಿದಳು. ಕಾಗದ ಬಿಚ್ಚಿದಳು.

"ಹದಿನೇಳನೇ ಗೇಟಿಗೆ ನಾಲ್ವರು ಕಾವಲುಗಾರರಿದ್ದಾರೆ," ಅಂತ ಓದಿದಳು. ಮುಂದಿನ ವಾಕ್ಯ ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಅವಳಿಗೆ ನೆನಪಿರುವಂತೆ ಯಾವ ನಿರ್ಧಾರವೂ ಆಗಲಿಲ್ಲ. ಹಲ್ಲಿನ ಸಂದಿಯಲ್ಲಿ ಅನ್ನ ಸಿಕ್ಕಿಕೊಂಡಿತ್ತು, ಅದನ್ನು ನಾಲಿಗೆಯಿಂದ ಬಿಡಿಸುತ್ತ ಕಾಗದ ಕೆಳಗಿಟ್ಟಳು. "ಇಲ್ಲ. ಮೂವರು."

ಸುಂಗ್ಕೊವೊನ ಕುರ್ಚಿ ಕಿರ್ರೆಂದಿತು.

"ಮೂರೋ ನಾಲ್ಕೋ?" ಅಂದಳು ರೋಫಿಯಾ.

"ನಾಲ್ಕು ಹೆಸರು, ಮೂರು ಜನ. ಜೊಯೊಕುಸುಮೊ ಅನ್ನೋರೇ ಕಾಯಿಲೆ ಆಗಿ ವಲುಯೊ ಆದ್ರು. ನಾನು ಇಬ್ಬರು ಅಂತ ಬರೆದೆ. ಅವರು ಇಬ್ಬರ ಕೆಲಸನೂ ಮಾಡಿದ್ರು. ಸಂಬಳ ಒಬ್ಬರದ್ದೇ. ಆವತ್ತು ಬೆಳಿಗ್ಗೆ ಐದೂವರೆ ಹೊತ್ತಿಗೆ ಅವರು ಕೂತು ಹದಿನೈದು ಗಂಟೆ ಮೇಲಾಗಿತ್ತು."

ಆಮೇಲೆ ಪಾಕ್ ಗಿಮಾನ್, ಮೊದಲು ಎಮ್ಮೆ ವ್ಯಾಪಾರ ಮಾಡುತ್ತಿದ್ದ ದಪ್ಪ ಸದಸ್ಯ, ಮೇಜಿನ ಮೇಲೆ ಕೈಯೂರಿ ಕೇಳಿದ: "ಹಾಗಾದ್ರೆ ಯಾರನ್ನ ತೆಗೀಬೇಕು ಬು? ಮಲಗ್ದೋನನ್ನಾ, ಅವನನ್ನ ಎಬ್ಬಿಸ್ದೆ ಇದ್ದೋನನ್ನಾ?"

ಕೋಣೆ ನಗೆಯಿಂದ ಬಿರಿಯಿತು. ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಕೂಡ ಪೆನ್ನು ಕೆಳಗಿಟ್ಟು ನಕ್ಕಳು. ಪಂಗೆಸ್ತಿಗೆ ಕಿವಿಯವರೆಗೆ ಬಿಸಿಯೇರಿತು. ನಗು ಅವಳ ಬಾಯಿಗೂ ಬಂತು, ಅದನ್ನು ತಡೆಯುವಷ್ಟರಲ್ಲಿ ತುಟಿ ಅಗಲವಾಗಿ ಹೋಗಿತ್ತು. ರೋಫಿಯಾ ಮಾತ್ರ ನಗಲಿಲ್ಲ.

"ಹೆಸರು ಬದಲಾಯ್ಸಿದಾಗ ಕೆಂಪು-ಬಿಳಿ ಗಂಜಿ ಹಂಚಿರ್ಲಿಲ್ವಾ ಅವನು?"

"ಹಂಚಿದ್ರು."

"ನಿಮ್ಮ ಕಚೇರಿಗೆ ಬಂದಿರ್ಲಿಲ್ವಾ?"

"ಬಂದಿತ್ತು." ಮೇಜಿನ ಮೇಲೆ ಎಲೆಯ ದೊನ್ನೆ, ಬಿಳಿ ಗಂಜಿಯ ನಡುವೆ ಬೆಲ್ಲದ ಗಂಜಿಯ ಕೆಂಪು ಬೊಟ್ಟು, ಪಕ್ಕದಲ್ಲಿ ಹಳ್ಳಿ ಕಚೇರಿಯ ಪತ್ರ. ಎಡಗೈಯಲ್ಲಿ ಪತ್ರ ಹಿಡಿದು ಬಲಗೈಯಲ್ಲಿ ಚಮಚ. ಯಾರ ಮನೆಯದು ಅಂತ ಕೇಳಿರಲಿಲ್ಲ, ಗಂಜಿ ಬರುತ್ತಲೇ ಇರುತ್ತದೆ, ಯಾರದೋ ಮಗು, ಯಾರದೋ ಕಾಯಿಲೆ. ದನಿ ಮಾತ್ರ ಸ್ವಚ್ಛವಾಗಿ ಬಂತು. "ನಾನೇ ತಿಂದೆ. ತಿಂತಾ ತಿಂತಾನೇ ಅವರನ್ನ ಇಬ್ಬರು ಮಾಡಿದೆ."

ಈ ಸಲ ಯಾರೂ ನಗಲಿಲ್ಲ. ಮುದುಕನೊಬ್ಬ ನಾಲಿಗೆ ಲೊಚಗುಟ್ಟಿದ. ಆಗ ಸುಂಗ್ಕೊವೊ ಎದ್ದ, ತನ್ನನ್ನು ಬಯ್ಯಲೇ ಎದ್ದಿದ್ದಾನೆ ಅಂದುಕೊಂಡಳು. ಅವನು ಚೀಲದಿಂದ ಪತ್ರಗಳ ಕಟ್ಟು ತೆಗೆದು, ಒಂದೊಂದಾಗಿ, ಇಸ್ಪೀಟು ಹಾಕುವವನ ಹಾಗೆ ಮೇಜಿನ ಮೇಲಿಟ್ಟ. ಆರು. "ಪಟ್ಟಿ ತಪ್ಪು. ಒಪ್ಕೋತೀನಿ. ಇವು ತಪ್ಪಲ್ಲ ಬು. ಎಲ್ಲದ್ರ ಮೇಲೂ ಈ ಕೋಣೆ ಮೊಹರಿದೆ." ಗಿಮಾನ್ ತನ್ನ ತಿಂಡಿಯ ಪೆಟ್ಟಿಗೆಯೊಳಗೆ ಏನನ್ನೋ ಹುಡುಕತೊಡಗಿದ.

ಕೊನೆಗೆ ಆದದ್ದು ಇಷ್ಟು: ವಲುಯೊನನ್ನು ತೆಗೆಯುವುದಿಲ್ಲ, ಹತ್ತು ದಿನ ರಜ. ಪಂಗೆಸ್ತಿಗೆ ಎಚ್ಚರಿಕೆಯ ಪತ್ರ. ಹದಿನೇಳನೇ ಗೇಟಿಗೆ ನಾಲ್ಕನೆಯವನ ವಿಷಯ ಮುಂದಿನ ಬಜೆಟ್ಟಿನಲ್ಲಿ. ಮುಂದಿನ ಬಜೆಟ್ಟು ಐದು ತಿಂಗಳಿಗೆ.

"ಅಲ್ಲೀವರ್ಗೆ?" ಅಂದಳು ರೋಫಿಯಾ. "ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಯಾರು ಕೂರ್ತಾರೆ?"

ಸುಂಗ್ಕೊವೊ ತಲೆಯೆತ್ತಿ ಸೂರು ನೋಡಿದ. ಇಂಥ ಮೌನವನ್ನು ಪಂಗೆಸ್ತಿ ಹುಟ್ಟಿದಾಗಿನಿಂದ ಸಹಿಸಲಾರಳು. ಊಟಕ್ಕೆ ಕೂತಲ್ಲಿ ಕೊನೆಯ ತುಂಡು ಯಾರೂ ಮುಟ್ಟದಿದ್ದರೆ, ಬಸ್ಸಿನಲ್ಲಿ ಮುದುಕಿಗೆ ಯಾರೂ ಏಳದಿದ್ದರೆ, ಅವಳೇ ಏನಾದರೊಂದು ಮಾಡಬೇಕು. ಇಲ್ಲದಿದ್ದರೆ ಅಂಗೈ ಬೆವರುತ್ತದೆ. "ನಾನು," ಅಂದಳು. ಧೈರ್ಯವಲ್ಲ, ಸಂಕೋಚ. ಮೆಟ್ಟಿಲಿಳಿಯುವಾಗ ತನ್ನ ಮೇಲೆ ತನಗೇ ರೇಗಿ, ಎರಡು ಮೆಟ್ಟಿಲು ತಪ್ಪಿ ಕಂಬ ಹಿಡಿದಳು. ಹಿಂದಿನಿಂದ ಸುಂಗ್ಕೊವೊ, "ಊಟ ಮಾಡ್ಕೊಂಡು ಹೋಗು ಪಂಗೆಸ್ತಿ, ಕಾರು ಅಲ್ಲೀವರ್ಗೆ ಬಿಡತ್ತೆ," ಅಂದ. ಬೈಗುಳವಿಲ್ಲ, ಹೊಗಳಿಕೆಯಿಲ್ಲ. ಅವನ ಚೀಲ ಹಗುರಾಗಿ ಪಕ್ಕಕ್ಕೆ ತೂಗುತ್ತಿತ್ತು.

ಗೇಟಿನ ಗೂಡಿನಲ್ಲಿ ವಲುಯೊ ಎರಡು ಗಂಟೆಯ ಪಾಳಿಗೆ ಬಂದು ಕೂತಿದ್ದ. ಸಮವಸ್ತ್ರ ಇಸ್ತ್ರಿಯಾಗಿತ್ತು. ಇವತ್ತು ಹಾಳೆಯ ಮೇಲೆ ಜೊಯೊಕುಸುಮೊನ ಸರದಿ. ಅವಳು ನಿಂತೇ ಎಲ್ಲ ಹೇಳಿದಳು. ಅವನು ಟೋಪಿ ತೆಗೆದು ಕೇಳಿಸಿಕೊಂಡ.

"ಹಂಗಾದ್ರೆ ಹಳೇ ಹೆಸರು ಇನ್ನು ಬರ್ಬೇಕಾಗಿಲ್ವಾ ಬು?"

"ಬೇಕಾಗಿಲ್ಲ. ನಾನು ಹೊಡೆದು ಹಾಕಿದ್ದೀನಿ."

"ಹೂಂ." ಅವನು ಟೋಪಿಯ ಧೂಳು ಕೊಡವಿದ. "ಒಳ್ಳೆ ಕೆಲಸಗಾರ ಅವನು. ಕಾಯಿಲೆ ಒಂದು ಬಿಟ್ರೆ." ಆಮೇಲೆ ಅವಳ ಕೈ ನೋಡಿದ. "ನಿಮಗೆ ಗೇಟು ಇಳಿಸೋ ತಿರುಗಣೆ ತಿರುಗ್ಸೋಕೆ ಬರತ್ತಾ?"

"ಗೇಟಿನವರ ತರಬೇತಿ ಪುಸ್ತಕ ಬರ್ದೋಳು ನಾನು ಪಾಕ್."

"ಓದಿದ್ದೀನಿ. ಬೊಬ್ಬೆ ಬರೋದು ಅದ್ರಲ್ಲಿ ಬರ್ದಿಲ್ಲ ನೀವು."

ಎರಡು ರೈಲುಗಳವರೆಗೆ ಅವಳ ಪಕ್ಕದಲ್ಲಿ ನಿಂತು ಕಲಿಸಿದ. ಸ್ಟೇಷನ್ನಿನ ಬಳಿಯ ಪಕ್ಕದ ಗೇಟಿನವನು ವಾಕಿಟಾಕಿಯಲ್ಲಿ ರೈಲು "ಹೊರಟಿತು" ಅಂದರೆ ನೂರ ಎಂಬತ್ತು ಎಣಿಸುವಷ್ಟು ಸಮಯ. ಮೊದಲು ಗಂಟೆ, ಆಮೇಲೆ ಎಡಗಡೆಯದು, ಆಮೇಲೆ ಬಲಗಡೆಯದು. ಮೂರನೆಯ ರೈಲಿಗೆ "ಮನೆಗೆ ಹೋಗಿ" ಅಂದಳು. ಹೋಗುತ್ತೀನಿ ಅಂದವನು ಗೂಡಿನ ಹಿಂದಿನ ಬೆಂಚಿನ ಮೇಲೆ, ಶೂಗಳನ್ನು ಜೋಡಿಸಿಟ್ಟು, ಒಂದು ನಿಮಿಷ ಬೆನ್ನು ಚಾಚಿದ. ಅಷ್ಟೇ, ಬಾಯಿ ತೆರೆದುಕೊಂಡಿತು. ಮನುಷ್ಯ ಇಷ್ಟು ಬೇಗ ನಿದ್ದೆಗೆ ಬೀಳುವುದನ್ನು ಅವಳು ನೋಡಿರಲಿಲ್ಲ. ಕಲ್ಲು ಬಾವಿಗೆ ಬಿದ್ದ ಹಾಗೆ.

ವಾಕಿಟಾಕಿ ಬರ್ರೆಂದಿತು. ಪಕ್ಕದ ಗೇಟಿನವನು "ಹೊರಡ್ತಾ ಇದೆ" ಅಂದನೋ "ಹೊರಟಿತು" ಅಂದನೋ ತಿಳಿಯಲಿಲ್ಲ. ಪಂಗೆಸ್ತಿ ತಿರುಗಿ ಕೇಳಲಿಲ್ಲ. ಗಂಟೆ ಒತ್ತಿ, ಎರಡೂ ಕೈಯಲ್ಲಿ ತಿರುಗಣೆ ಹಿಡಿದು ತಿರುಗಿಸಿದಳು. ಅಡ್ಡಗೋಲುಗಳು ನಡುಗುತ್ತ ಇಳಿದವು. ನೂರ ಎಂಬತ್ತು ಎಣಿಸಿದಳು. ಇನ್ನೂರು. ಮುನ್ನೂರು. ರೈಲಿಲ್ಲ. ಎರಡೂ ಕಡೆ ಬೈಕುಗಳು ಸೇರಿದವು, ಒಂದು ಕಬ್ಬಿನ ಲಾರಿ, ಶಾಲೆಯ ಮಕ್ಕಳ ಎರಡು ಸೈಕಲ್ಲು. ಹಾರ್ನುಗಳು ಶುರುವಾದವು. ಬೈಕಿನ ಹಿಂದೆ ತರಕಾರಿ ತುಂಬಿದ ಹೆಂಗಸೊಬ್ಬಳು ಕೂಗಿದಳು: "ಏನ್ ಬು, ರೈಲು ಸುರಬಾಯ ಸ್ಟೇಷನ್ನಲ್ಲೇ ಇನ್ನೂ ಸ್ನಾನ ಮಾಡ್ತಾ ಇದ್ಯಾ?"

"ಬರತ್ತೆ," ಅಂದಳು ಪಂಗೆಸ್ತಿ.

"ಯಾವಾಗ, ಹಬ್ಬಕ್ಕಾ? ನನ್ನ ಸೊಪ್ಪು ಇಲ್ಲೇ ಬೇಯ್ತಾ ಇದೆ. ಎತ್ತಮ್ಮ, ಒಂದ್ ಚೂರು ಎತ್ತು, ನುಸುಳ್ಕೋತೀನಿ."

"ಆಗಲ್ಲ."

"ಹೊಸಬಳು," ಅಂದ ಲಾರಿಯವನು ಇಡೀ ರಸ್ತೆಗೆ ಕೇಳುವಂತೆ. "ಆಫೀಸಿನೋಳು ಕಣ್ರೋ, ಶೂ ನೋಡಿ. ಆ ಹಳಬ ಎಲ್ಲಿ ಬು?"

"ಮಲಗಿದ್ದಾರೆ."

"ಮತ್ತೆ ಮಲಗಿದ್ನಾ!"

ನಗೆ, ಹಾರ್ನು, ಇನ್ನೊಂದು ಹಾರ್ನು. ಅವಳ ಅಂಗೈಯಲ್ಲಿ ಹೆಬ್ಬೆರಳಿನ ಬುಡಕ್ಕೆ ಬೊಬ್ಬೆಯೊಂದು ಏಳುತ್ತಿತ್ತು, ಕಂಕುಳು ಬೆವೆತಿತ್ತು, ಮೂವತ್ತು ಜನ ಅವಳನ್ನೇ ನೋಡುತ್ತಿದ್ದರು. ಹಳಿ ಎರಡೂ ಕಡೆಗೆ ಖಾಲಿಯಾಗಿ, ಬಿಸಿಲಿಗೆ ಹೊಳೆಯುತ್ತ ಬಿದ್ದಿತ್ತು. ತಾನು ಬೇಗ ಇಳಿಸಿದ್ದೇನೆಂದು ಈಗ ಅವಳಿಗೂ ಗೊತ್ತಿತ್ತು. ಮೂರು ನಿಮಿಷ, ಬಹುಶಃ ನಾಲ್ಕು.

"ಹೌದು, ಮಲಗಿದ್ದಾರೆ," ಅಂದಳು ಪಂಗೆಸ್ತಿ. "ಇದು ನನ್ನ ಪಾಳಿ." ತಿರುಗಣೆಯನ್ನು ಬಿಡದೆ ಅಲ್ಲೇ ನಿಂತಳು. ಗೇಟು ಎತ್ತಲಿಲ್ಲ.